ಸುಟ್ಟ ಮೇಲಿನ ಕಾಡು

"ಬೆಂಕಿ ಇನ್ನೂ ಎತ್ತರಕ್ಕೆ ಹೋಗ್ಬೇಕು ಕಣೋ! ಇದೇನಿದು, ದೀಪದ ಕುಡಿ ಇದ್ದ ಹಾಗಿದೆ!" ಎಂದು ಗಿಣಿ ಕೂಗಿದಳು.

ಲಂಬೂ ಟೇಬಲ್ ಫ್ಯಾನನ್ನು ಇನ್ನಷ್ಟು ಜೋರು ಮಾಡಿದ. ಫ್ಯಾನಿಗೆ ಕಟ್ಟಿದ್ದ ಕೆಂಪು, ಕಿತ್ತಳೆ ಬಣ್ಣದ ಕಾಗದದ ಪಟ್ಟಿಗಳು ಪಟಪಟನೆ ಮೇಲೆದ್ದವು. ಅವುಗಳ ಹಿಂದೆ ಒಂದು ಟಾರ್ಚ್ ಉರಿಯುತ್ತಿತ್ತು. ಕಿಟಕಿ ಮುಚ್ಚಿದ ಕ್ಲಾಸ್‌ರೂಮಿನ ಗೋಡೆಯ ಮೇಲೆ ಕೆಂಪು ನೆರಳು ಕುಣಿಯತೊಡಗಿತು.

"ಈಗ ಸೌಂಡ್!" ಎಂದಳು ಗಿಣಿ.

ಲಂಬೂ ಗಿಫ್ಟ್ ಸುತ್ತುವ ಪ್ಲಾಸ್ಟಿಕ್ ಹಾಳೆಯನ್ನು ಮೈಕಿನ ಹತ್ತಿರ ಹಿಡಿದು ಮುದುರಿದ. ಚರ್... ಚಟ್... ಚಟಚಟ. ಕಣ್ಣು ಮುಚ್ಚಿ ಕೇಳಿದರೆ ಮರವೇ ಉರಿಯುತ್ತಿದೆ ಅನ್ನಬೇಕು, ಹಾಗಿತ್ತು.

ಗಿಣಿ ಬೆಂಚಿನ ಮೇಲೆ ಹತ್ತಿ ನಿಂತು ಎರಡೂ ಕೈ ಚಾಚಿದಳು. "ಬೆಂಕಿ ಎಂದರೆ ಎಲ್ಲರೂ ಹೆದರುತ್ತಾರೆ. ಆದರೆ ಪೈನ್ ಕಾಡಿಗೆ ಬೆಂಕಿಯೇ ಗೆಳೆಯ! ಕೆಲವು ಪೈನ್ ಮರಗಳ ಕಾಯಿ ಗಟ್ಟಿ ಅಂಟಿನಿಂದ ಮುಚ್ಚಿಕೊಂಡಿರುತ್ತದೆ. ಬೆಂಕಿಯ ಬಿಸಿಗೆ ಅಂಟು ಕರಗಿದಾಗ ಕಾಯಿ ಬಾಯಿ ಬಿಡುತ್ತದೆ. ಬೀಜ ನೆಲಕ್ಕೆ ಬೀಳುತ್ತದೆ. ಕಾಡು ಮತ್ತೆ ಚಿಗುರುತ್ತದೆ. ಬಾ ಬೆಂಕಿಯೇ, ಬಾ!"

ಇಷ್ಟನ್ನೂ ಅವಳು ಒಂದೇ ಉಸಿರಿಗೆ ಹೇಳಿದಳು. ಅದಕ್ಕೇ ಅವಳಿಗೆ ಗಿಣಿ ಎಂಬ ಹೆಸರು ಅಂಟಿಕೊಂಡಿದ್ದು. ಒಂದು ಸಲ ಓದಿದರೆ ಸಾಕು, ತಪ್ಪಿಲ್ಲದೆ ಒಪ್ಪಿಸಿಬಿಡುವಳು. ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುವವಳು ಅವಳೇ.

ಶುಕ್ರವಾರ ಅವರ ಕ್ಲಾಸಿನಲ್ಲಿ ಬಯೋಮ್ ಪ್ರಾಜೆಕ್ಟ್ ಇತ್ತು. ಭೂಮಿಯ ಮೇಲೆ ಮರುಭೂಮಿ, ಹುಲ್ಲುಗಾವಲು, ಮಳೆಕಾಡು, ಹಿಮದ ಬಯಲು, ಸಮುದ್ರ ಹೀಗೆ ಬೇರೆ ಬೇರೆ ಹವೆಯ, ಬೇರೆ ಬೇರೆ ಜೀವಿಗಳ ದೊಡ್ಡ ದೊಡ್ಡ ವಲಯಗಳಿವೆಯಲ್ಲ, ಅವೇ ಬಯೋಮ್‌ಗಳು. ಸೈನ್ಸ್ ಮಿಸ್ ಚೀಟಿ ಎತ್ತಿಸಿ ಗುಂಪು ಮಾಡಿದ್ದರು. ಚೆನ್ನಾಗಿ ಮಾಡಿದ ಗುಂಪಿಗೆ ಇಡೀ ಶಾಲೆಯ ಎದುರು ಹೇಳುವ ಅವಕಾಶ.

ಪೈನ್ ಕಾಡಿನ ಗುಂಪಿಗೆ ಬಂದವರು ಮೂವರು. ಗಿಣಿ, ಕ್ಲಾಸಿಗೆಲ್ಲ ಎತ್ತರದ ಲಂಬೂ, ಮತ್ತು ಹೊಸಬಳು.

ಹೊಸಬಳು ಬಂದು ಎರಡು ತಿಂಗಳಾಗಿತ್ತು. ಆದರೂ ಅವಳು ಹೊಸಬಳೇ. ಯಾರ ಜೊತೆಗೂ ಬೆರೆಯುತ್ತಿರಲಿಲ್ಲ. ಏನು ಕೇಳಿದರೂ ಹೂಂ, ಊಹೂಂ ಅಷ್ಟೇ. 'ಮಾತು ಬರದವರಿಗೆ ಬಣ್ಣ' ಎಂದು ಗಿಣಿಯೇ ತೀರ್ಮಾನ ಮಾಡಿ, ಚಾರ್ಟಿಗೆ ಬಣ್ಣ ಹಚ್ಚುವ ಕೆಲಸ ಅವಳಿಗೆ ಕೊಟ್ಟಿದ್ದಳು.

"ಹೇಗಿತ್ತು?" ಗಿಣಿ ಬೆಂಚಿನಿಂದ ಹಾರಿ ಕೇಳಿದಳು.

"ಸೂಪರ್!" ಎಂದ ಲಂಬೂ.

ನೆಲದ ಮೇಲೆ ಚಾರ್ಟಿನ ಪಕ್ಕದಲ್ಲಿ ಕೂತಿದ್ದ ಹೊಸಬಳು ಗೋಡೆಯ ಮೇಲಿನ ಕೆಂಪನ್ನೇ ನೋಡುತ್ತಿದ್ದಳು. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಬ್ರಶ್ಶನ್ನು ನೀರಿನ ಲೋಟದೊಳಗೆ ಇಟ್ಟಳು. ಬಣ್ಣದ ಡಬ್ಬಿಗಳ ಮುಚ್ಚಳಗಳನ್ನು ಒಂದೊಂದಾಗಿ ಹಾಕಿದಳು. ಎದ್ದು ಬಾಗಿಲು ತೆಗೆದುಕೊಂಡು ಹೊರಗೆ ಹೋದಳು.

ನೀರು ಕುಡಿಯಲು ಹೋಗಿರಬೇಕು ಎಂದುಕೊಂಡರು. ಎಷ್ಟು ಹೊತ್ತಾದರೂ ಅವಳು ಬರಲಿಲ್ಲ. ಅವಳ ಬ್ಯಾಗ್ ಮಾತ್ರ ಬೆಂಚಿನ ಮೇಲೆ ಇತ್ತು.

"ಹೇಳದೆ ಕೇಳದೆ ಹೋಗೋದಾ? ಚಾರ್ಟ್ ಅರ್ಧಂಬರ್ಧ ಆಗಿದೆ!" ಗಿಣಿಗೆ ಸಿಟ್ಟು ಬಂತು.

"ನಿನ್ನ ಬಾಯಿಗೆ ಹೆದರಿ ಓಡಿರ್ಬೇಕು," ಎಂದ ಲಂಬೂ.

"ನಿನ್ನ ಹತ್ರ ಯಾರು ಕೇಳಿದ್ರು? ಅವಳ ಮನೆ ಎಲ್ಲಿ, ಗೊತ್ತಾ?"

"ಬಸ್ ಡಿಪೋ ಹಿಂದೆ ಟೈರ್ ಅಂಗಡಿ ಇದೆಯಲ್ಲ, ಅದರ ಮಹಡಿ. ನಂಗೆ ಫುಟ್‌ಬಾಲ್ ಇದೆ, ನಾನು ಬರಲ್ಲಪ್ಪ."

ಗಿಣಿ ಬೆನ್ನಿಗೆ ತನ್ನ ಬ್ಯಾಗು, ಎದೆಗೆ ಹೊಸಬಳ ಬ್ಯಾಗು ಹಾಕಿಕೊಂಡು ಹೊರಟಳು. ದಾರಿಯುದ್ದಕ್ಕೂ ಬಯ್ಯಬೇಕಾದ ಮಾತುಗಳನ್ನೆಲ್ಲ ಸಾಲಾಗಿ ಜೋಡಿಸಿಕೊಂಡಳು.

ಟೈರ್ ಅಂಗಡಿಯ ಪಕ್ಕದಲ್ಲಿ ಕಬ್ಬಿಣದ ಮೆಟ್ಟಿಲಿತ್ತು. ಮೇಲೆ ಒಂದೇ ಕೋಣೆ. ಬಾಗಿಲು ತೆರೆದೇ ಇತ್ತು. ಹೊಸಬಳ ಅಮ್ಮ ನೆಲದ ಮೇಲೆ ಕೂತು ಬಟ್ಟೆ ಮಡಚುತ್ತಿದ್ದರು.

"ಕ್ಲಾಸಿನವಳಾ? ಬಾಮ್ಮ, ಒಳಗೆ ಬಾ. ಮೆತ್ತಗೆ ಬಾ, ಚಿಕ್ಕೋನು ಮಲಗಿದಾನೆ."

ಗಿಣಿ ಒಳಗೆ ಕಾಲಿಟ್ಟಳು. ಕೋಣೆಯಲ್ಲಿ ಕಪಾಟಿರಲಿಲ್ಲ, ಗೋಡೆಯ ಮೇಲೆ ಒಂದು ಫೋಟೋ ಕೂಡ ಇರಲಿಲ್ಲ. ಕಿಟಕಿಯ ಮೇಲೆ ಐದು ಲೋಟ ಇದ್ದವು, ಒಂದರ ಹಾಗೆ ಇನ್ನೊಂದಿಲ್ಲ. ಮೂಲೆಯಲ್ಲಿ ಹೊಸಬಳು ಈ ಕಡೆ ಬೆನ್ನು ಮಾಡಿಕೊಂಡು ಪಾತ್ರೆ ತೊಳೆಯುತ್ತಿದ್ದಳು. ತಿರುಗಿ ನೋಡಲಿಲ್ಲ.

ಹಾಸಿಗೆಯ ಮೇಲೆ ನಾಲ್ಕೈದು ವರ್ಷದ ಹುಡುಗ ಮಲಗಿದ್ದ. ಹೊದಿಕೆಯ ಹೊರಗೆ ಅವನ ಕಾಲು ಕಾಣುತ್ತಿತ್ತು. ಕಾಲಲ್ಲಿ ಶೂ.

"ಆಂಟಿ, ಪುಟ್ಟನ ಶೂ ಬಿಚ್ಚೋದು ಮರೆತಿದೀರ," ಎಂದಳು ಗಿಣಿ. ಎಲ್ಲಿ ತಪ್ಪು ಕಂಡರೂ ಹೇಳಿಬಿಡುವುದು ಅವಳ ಅಭ್ಯಾಸ.

"ಮರೆತಿಲ್ಲಮ್ಮ. ಬಿಚ್ಚಿದ್ರೆ ಎದ್ದು ಕೂತ್ಕೋತಾನೆ. ಆವತ್ತು ಬರಿಗಾಲಲ್ಲಿ ಓಡಿದ್ದನಲ್ಲ. ನೆಲ ಕಾದು ಹೆಂಚಾಗಿತ್ತು."

"ಯಾವತ್ತು ಆಂಟಿ?"

ಅಮ್ಮ ಬಟ್ಟೆ ಮಡಚುವುದನ್ನು ನಿಲ್ಲಿಸಿದರು. "ಇವಳು ನಿಮಗೆ ಹೇಳೇ ಇಲ್ವಾ? ಬೆಂಕಿ ಬಂತಲ್ಲಮ್ಮ. ನಮ್ಮ ಕಡೆ ಬೆಟ್ಟ ಪೂರ್ತಿ ಹೊತ್ಕೊಂಡು ಉರೀತು. ಕಾಡಿನ ಅಂಚಲ್ಲೇ ನಮ್ಮನೆ. ಮೈಮೇಲಿನ ಬಟ್ಟೇಲಿ ಬಂದ್ವಿ."

ಪಾತ್ರೆಯ ಸದ್ದು ನಿಂತಿತು. ನಲ್ಲಿಯ ನೀರು ಮಾತ್ರ ಬೀಳುತ್ತಿತ್ತು.

ದಾರಿಯಲ್ಲಿ ಜೋಡಿಸಿಕೊಂಡ ಮಾತುಗಳಲ್ಲಿ ಒಂದೂ ಗಿಣಿಗೆ ನೆನಪಾಗಲಿಲ್ಲ. ಬ್ಯಾಗನ್ನು ಮೆಲ್ಲಗೆ ಗೋಡೆಗೆ ಒರಗಿಸಿಟ್ಟು, "ಬರ್ತೀನಿ ಆಂಟಿ," ಎಂದು ಹೇಳಿ ಮೆಟ್ಟಿಲಿಳಿದಳು. ಕೆಳಗಿಳಿದ ಮೇಲೆ ಕಿವಿಯಲ್ಲಿ ಅವಳದೇ ದನಿ ಕೇಳಿಸಿತು. *ಬಾ ಬೆಂಕಿಯೇ, ಬಾ!* ಅವಳು ಬೇಗ ಬೇಗ ನಡೆದಳು. ದನಿಯೂ ಜೊತೆಗೇ ಬಂತು.

ಗಿಣಿಯ ಅಪ್ಪನದು ಜೆರಾಕ್ಸ್ ಅಂಗಡಿ. ಅವಳು ಒಳಗೆ ಬಂದದ್ದೇ ತಡ, ಅಪ್ಪ ದೊಡ್ಡ ಹಾಳೆಯೊಂದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು.

"ನೋಡು ನಿನ್ನ ಕಾಡ್ಗಿಚ್ಚು! ಕೈ ಇಟ್ರೆ ಸುಡತ್ತೆ ಅನ್ನೋ ಹಾಗೆ ಬಂದಿದೆ."

ನಿಜವಾಗಿಯೂ ಹಾಗೇ ಬಂದಿತ್ತು. ಸಾಲು ಸಾಲು ಮರಗಳು ತುದಿಯಿಂದ ಬುಡದವರೆಗೆ ಉರಿಯುತ್ತಿದ್ದವು. ಪ್ರಿಂಟರಿನಿಂದ ಆಗ ತಾನೆ ಹೊರಬಂದ ಹಾಳೆ ಇನ್ನೂ ಬೆಚ್ಚಗಿತ್ತು. ಗಿಣಿ ಮುಟ್ಟಿದವಳೇ ಕೈ ಹಿಂದಕ್ಕೆ ಎಳೆದುಕೊಂಡಳು.

"ಇದು ಬೇಡ ಅಪ್ಪ."

"ಬೇಡ್ವಾ? ಒಂದು ವಾರದಿಂದ ತಲೆ ತಿಂದೆಯಲ್ಲೇ! ಬಕೆಟ್ ಇಂಕ್ ಕುಡಿದಿದೆ ಇದು."

"ಬೇಡ."

"ಯಾಕೆ? ತಪ್ಪಾಗಿದ್ಯಾ?"

"ತಪ್ಪಿಲ್ಲ. ಎಲ್ಲಾ ಸರಿಯಾಗೇ ಇದೆ."

"ಸರಿಯಾಗಿದ್ರೆ ಮತ್ತೇನು?"

ಸರಿಯಾದದ್ದನ್ನು ಹೇಳಿಯೂ ತಪ್ಪು ಮಾಡಿದ ಹಾಗೆ ಅನ್ನಿಸುವುದು ಗಿಣಿಗೆ ಹೊಸದು. ಅಪ್ಪ ಅವಳ ಮುಖ ನೋಡಿದರು. ಮತ್ತೇನೂ ಕೇಳದೆ ಹಾಳೆಯನ್ನು ಸುರುಳಿ ಸುತ್ತಿ, ಮೆಷಿನ್ ಹಿಂದೆ ನಿಲ್ಲಿಸಿದರು.

ಮರುದಿನ ಅವಳು ಬೇಗನೆ ಶಾಲೆಗೆ ಹೋಗಿ, ಚಾರ್ಟಿನಲ್ಲಿ ಬೆಂಕಿ ಬಿಡಿಸಿದ್ದ ಜಾಗದ ಮೇಲೆ ಬಿಳಿ ಹಾಳೆ ಅಂಟಿಸಿದಳು. ಫ್ಯಾನಿನ ಪಟ್ಟಿಗಳನ್ನು ಬಿಚ್ಚಿ ಡಸ್ಟ್‌ಬಿನ್‌ಗೆ ಹಾಕಿದಳು. ಲಂಬೂಗೆ ನಡೆದದ್ದನ್ನು ಹೇಳಿದಳು.

ಲಂಬೂ ತುಂಬ ಹೊತ್ತು ತನ್ನ ಕೈಗಳನ್ನೇ ನೋಡಿಕೊಂಡ. ಆ ಚಟಚಟ ಸದ್ದು ಮಾಡಿದ್ದು ಅವನೇ ಅಲ್ಲವೇ. "ಬೆಂಕಿ ಇಲ್ದೆ ನಮ್ಮ ಪ್ರಾಜೆಕ್ಟಲ್ಲಿ ಏನಿದೆ?" ಎಂದು ಆಮೇಲೆ ಮೆಲ್ಲಗೆ ಕೇಳಿದ.

"ಕರಡಿ ಇದೆ. ಮರಕುಟಿಗ ಇದೆ. ಅಷ್ಟು ಸಾಕು."

ಹೊಸಬಳು ಬೆಲ್ ಹೊಡೆಯುವ ಹೊತ್ತಿಗೆ ಬಂದಳು. ಬಂದವಳು ಚಾರ್ಟಿನ ಎದುರು ನಿಂತಳು. ಬಿಳಿ ಹಾಳೆಯ ಮೂಲೆಯನ್ನು ಉಗುರಿನಿಂದ ಎತ್ತಿ ಒಳಗೆ ನೋಡಿದಳು.

"ಯಾಕೆ ಮುಚ್ಚಿದೆ?"

ಅವಳು ಅಷ್ಟು ಉದ್ದದ ಪ್ರಶ್ನೆ ಕೇಳಿದ್ದು ಅದೇ ಮೊದಲು. ಗಿಣಿ ತಡವರಿಸಿದಳು. "ಅದು... ಬೇಡ ಅನ್ನಿಸ್ತು."

"ನಂಗೋಸ್ಕರಾನಾ?"

"ಹೂಂ."

"ನಾನೇ ಮಿಸ್‌ಗೆ ಹೇಳಿ ಯಾರಿಗೂ ಗೊತ್ತಾಗದ ಹಾಗೆ ಇಟ್ಟಿದ್ದೆ. ಎಲ್ರೂ ಅಯ್ಯೋ ಪಾಪ, ಅಯ್ಯೋ ಪಾಪ ಅಂತಾರೆ ಅಂತ. ನೀನು ಶುರು ಮಾಡೇಬಿಟ್ಟೆ." ಹೊಸಬಳ ದನಿ ನಡುಗುತ್ತಿತ್ತು. ಅದು ಅಳು ಅಲ್ಲ, ಸಿಟ್ಟು ಎಂದು ಗಿಣಿಗೆ ಗೊತ್ತಾಯಿತು.

"ನಾನು ಹಾಗೆ..."

"ನೀನು ಹೇಳಿದ್ದು ನಿಜಾನಾ? ಆ ಕಾಯಿ ವಿಷ್ಯ?"

"ಯಾವುದು?"

"ಬೆಂಕಿ ಬಂದ್ರೇನೇ ಬಾಯಿ ಬಿಡತ್ತೆ ಅಂದ್ಯಲ್ಲ. ನಮ್ಮೂರಲ್ಲೂ ಪೈನ್ ಮರಾನೇ ಇದ್ದಿದ್ದು. ಆ ಕಾಯಿ ಆರಿಸ್ಕೊಂಡು ಆಟ ಆಡ್ತಿದ್ವಿ. ಎಷ್ಟು ಗುದ್ದಿದ್ರೂ ಬಿಡ್ತಿರ್ಲಿಲ್ಲ."

"ನಿಜ. ಪುಸ್ತಕದಲ್ಲಿದೆ."

"ಹಾಗಾದ್ರೆ ತೋರಿಸು."

ಊಟದ ಬಿಡುವಿನಲ್ಲಿ ಇಬ್ಬರೂ ಲೈಬ್ರರಿಗೆ ಹೋದರು. ಗಿಣಿ ದಪ್ಪ ಪುಸ್ತಕವನ್ನು ಎರಡೂ ಕೈಯಲ್ಲಿ ಹೊತ್ತು ತಂದು ಟೇಬಲ್ಲಿನ ಮೇಲೆ ಬಿಡಿಸಿದಳು. ಬೆಂಕಿಯ ಫೋಟೋ ಇದ್ದ ಪುಟ ಬಂದಾಗ ಅಂಗೈಯಿಂದ ಮುಚ್ಚಲು ನೋಡಿದಳು. ಹೊಸಬಳು ಆ ಕೈಯನ್ನು ಸರಿಸಿ, ಫೋಟೋವನ್ನು ಒಂದು ಕ್ಷಣ ನೋಡಿ, ತಾನೇ ಪುಟ ತಿರುಗಿಸಿದಳು.

"ಇದಾದ್ಮೇಲಿನ ಫೋಟೋ ಇದ್ಯಾ?"

ಇತ್ತು. ಗಿಣಿ ಅದನ್ನು ಮೊದಲೇ ನೋಡಿದ್ದಳು. ನೋಡಲು ಏನೂ ಇಲ್ಲವೆಂದು ಬಿಟ್ಟುಬಿಟ್ಟಿದ್ದಳು. ಕಪ್ಪು ಕಂಬಗಳ ಹಾಗೆ ನಿಂತ ಮರಗಳು, ಬೂದಿ ಬಣ್ಣದ ನೆಲ, ಅಷ್ಟೇ. ಹೊಸಬಳು ಪುಸ್ತಕದ ಮೇಲೆ ಬಾಗಿದಳು. ಅವಳ ಬೆರಳು ಬೂದಿಯಲ್ಲಿ ಏನನ್ನೋ ಹುಡುಕುವಂತೆ ಓಡಾಡಿ, ಒಂದು ಕಡೆ ನಿಂತಿತು.

"ಇಲ್ಲಿದೆ ನೋಡು."

ಬೆರಳುದ್ದದ ಹಸಿರು ಸಸಿ. ಅದರ ಪಕ್ಕದಲ್ಲಿ ಇನ್ನೊಂದು. ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಪುಟದ ತುಂಬ ಅವೇ ಕಂಡವು.

"ಇಷ್ಟು ಬರೋಕೆ ಎಷ್ಟು ದಿನ?"

"ಒಂದು ವರ್ಷ ಅಂತ ಬರೆದಿದೆ."

"ದೊಡ್ಡ ಮರ ಆಗೋಕೆ?"

ಗಿಣಿಗೆ ಗೊತ್ತಿರಲಿಲ್ಲ. 'ಕಾಡು ಮತ್ತೆ ಚಿಗುರುತ್ತದೆ' ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದಳು. ಎಷ್ಟು ದಿನಕ್ಕೆ ಎಂದು ತನ್ನನ್ನು ತಾನು ಕೇಳಿಕೊಂಡೇ ಇರಲಿಲ್ಲ. ಈಗ ಸಣ್ಣ ಅಕ್ಷರಗಳನ್ನು ಓದಿದಳು. "ಎತ್ತರದ ಮರ ಆಗೋಕೆ ಐವತ್ತು ವರ್ಷ. ಮೊದಲಿನಷ್ಟು ದಟ್ಟ ಕಾಡಾಗೋಕೆ ನೂರು ವರ್ಷ ಬೇಕಾದ್ರೂ ಬೇಕು."

ಹೊಸಬಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. "ಮರ ಆಗೋ ಹೊತ್ತಿಗೇ ನಾನು ಅಜ್ಜಿ ಆಗಿರ್ತೀನಿ," ಎಂದಳು.

ತಲೆ ನರೆತ, ಕೋಲು ಹಿಡಿದ ಹೊಸಬಳನ್ನು ನೆನೆದು ಗಿಣಿಗೆ ನಗು ಬರುವುದರಲ್ಲಿತ್ತು. ಆದರೆ ಆ ಅಜ್ಜಿ ಎಲ್ಲಿ ನಿಂತು ಯಾವ ಮರಗಳನ್ನು ನೋಡುತ್ತಿದ್ದಾಳೆ ಎಂಬುದು ಹೊಳೆಯಿತು. ನಗು ಅಲ್ಲೇ ಇಂಗಿತು.

"ಇದನ್ನ ಬಿಡಿಸ್ತೀನಿ. ಚಾರ್ಟ್ ಕೊಡು," ಎಂದಳು ಹೊಸಬಳು.

ಎರಡು ದಿನ ಅವಳು ತಲೆ ಎತ್ತಲಿಲ್ಲ. ಚಾರ್ಟಿನ ಎಡಕ್ಕೆ ದಟ್ಟ ಹಸಿರು ಕಾಡು. ಬಲಕ್ಕೆ ಸುಟ್ಟ ಕಾಡು, ಕಪ್ಪು ಬೊಡ್ಡೆಗಳ ಬುಡದಲ್ಲಿ ಹುಡುಕಿದರೆ ಮಾತ್ರ ಕಾಣುವ ಸಸಿಗಳು. ಲಂಬೂ ಅವಳಿಗೆ ಬ್ರಶ್ ತೊಳೆದು ತೊಳೆದು ಕೊಟ್ಟ. ನಡುವೆ ಒಂದು ಗೇಣಿನಷ್ಟು ಜಾಗ ಖಾಲಿ ಬಿಟ್ಟಿದ್ದಳು.

"ಇಲ್ಲಿ ಏನು ಬರತ್ತೆ?" ಲಂಬೂ ಕೇಳಿದ.

"ಬೆಂಕಿ. ಅದನ್ನ ಬಿಡಿಸಲ್ಲ. ಗಿಣಿ ಬಾಯಲ್ಲಿ ಹೇಳ್ಲಿ."

ಶುಕ್ರವಾರ ಬಂತು. ಮರುಭೂಮಿಯ ಗುಂಪು ತಟ್ಟೆಯಲ್ಲಿ ಮರಳು ತಂದು ಅರ್ಧ ಕ್ಲಾಸಿಗೆ ಚೆಲ್ಲಿತು. ಸಮುದ್ರದ ಗುಂಪಿನ ತಿಮಿಂಗಿಲದ ಹಾಡಿಗೆ ಎಲ್ಲರೂ ಕಿವಿಗೊಟ್ಟರು. ಆಮೇಲೆ ಪೈನ್ ಕಾಡಿನ ಸರದಿ.

ಲಂಬೂ ಕರಡಿಯ ಬಗ್ಗೆ, ಚಳಿಗಾಲದ ನಿದ್ದೆಯ ಬಗ್ಗೆ ಹೇಳಿದ. ಹೊಸಬಳು ಕೋಲು ಹಿಡಿದು ಚಿತ್ರದ ಒಂದೊಂದೇ ಭಾಗವನ್ನು ತೋರಿಸಿದಳು. ಗಿಣಿ ಬೆಂಕಿಯ ಮಾತನ್ನು ಕೈ ಚಾಚದೆ, ಕೂಗದೆ, ಸುಮ್ಮನೆ ನಿಂತು ಹೇಳಿದಳು. ಕಾಯಿ ಬಾಯಿ ಬಿಡುವುದನ್ನು ಹೇಳಿದಳು. ಐವತ್ತು ವರ್ಷ, ನೂರು ವರ್ಷ ಎಂದೂ ಹೇಳಿದಳು.

"ಯಾರಿಗಾದ್ರೂ ಪ್ರಶ್ನೆ ಇದ್ಯಾ?" ಎಂದರು ಮಿಸ್.

ಮರುಭೂಮಿ ಗುಂಪಿನಿಂದ ಒಬ್ಬ ಎದ್ದ. ಎಲ್ಲದಕ್ಕೂ ವಾದ ಹೂಡುವ ಅವನನ್ನು ಕ್ಲಾಸಿನಲ್ಲಿ ಲಾಯರ್ ಎನ್ನುತ್ತಿದ್ದರು.

"ಬೆಂಕಿ ಬಂದ್ರೇನೇ ಬೀಜ ಬೀಳೋದು ಅಂದ್ರೆ ಬೆಂಕಿ ಕಾಡಿಗೆ ಒಳ್ಳೇದೇ ಆಯ್ತಲ್ಲ? ಹಾಗಿದ್ರೆ ಆರಿಸೋದು ಯಾಕೆ? ಉರಿಯೋಕೆ ಬಿಟ್ಬಿಡ್ಬಹುದಲ್ವಾ?"

ಇದಕ್ಕೆ ಪುಸ್ತಕದಲ್ಲಿ ಉತ್ತರವಿತ್ತು. ಸಣ್ಣ ಬೆಂಕಿ, ದೊಡ್ಡ ಬೆಂಕಿ, ಮಣ್ಣು, ಹೊಗೆ, ನಾಲ್ಕು ಸಾಲು. ಗಿಣಿಗೆ ಅದು ಬಾಯಿಪಾಠವಾಗಿತ್ತು. ಅವಳು ಬಾಯಿ ತೆರೆದಳು.

ಪಕ್ಕದಲ್ಲಿ ಕೋಲು ಚಾರ್ಟಿಗೆ ತಾಗಿ ಟಕ್ ಎಂದಿತು. ಹೊಸಬಳ ಕೈ ಕೋಲನ್ನು ಬಿಗಿಯಾಗಿ ಹಿಡಿದಿತ್ತು. ಅವಳು ಚಾರ್ಟಿನ ನಡುವಿನ ಖಾಲಿ ಜಾಗವನ್ನು ನೋಡುತ್ತಿದ್ದಳು. ಅವಳ ತುಟಿ ಅಲುಗಿತು, ಮತ್ತೆ ಮುಚ್ಚಿಕೊಂಡಿತು.

ಗಿಣಿ ತೆರೆದ ಬಾಯಿಯನ್ನು ಮುಚ್ಚಿದಳು.

ಲಂಬೂ ಮೊಣಕೈಯಿಂದ ತಿವಿದ. "ಹೇಳೇ, ನಿಂಗೆ ಗೊತ್ತಲ್ಲ," ಎಂದು ಪಿಸುಗುಟ್ಟಿದ. ಗಿಣಿ ಹೇಳಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಗಿಣಿಗೇ ಉತ್ತರ ಬರುತ್ತಿಲ್ಲ ಎಂದು ಅವರಿಗೆ ಖುಷಿ. ಅವಳ ಕಿವಿ ಬಿಸಿಯಾಯಿತು. ಆದರೂ ಕಾದಳು.

"ಕಾಡಿಗೆ ಕಾಯೋಕೆ ಆಗತ್ತೆ," ಎಂದಳು ಹೊಸಬಳು.

ಎಲ್ಲರೂ ಅವಳ ಕಡೆ ತಿರುಗಿದರು. ಆ ದನಿಯನ್ನು ಕ್ಲಾಸಿನಲ್ಲಿ ಬಹಳ ಜನ ಕೇಳಿರಲೇ ಇಲ್ಲ.

"ನೂರು ವರ್ಷ ಬೇಕಾದ್ರೂ ಅದು ಕಾಯತ್ತೆ. ಆದ್ರೆ ಕಾಡಲ್ಲಿ ಮರ ಮಾತ್ರ ಇರಲ್ವಲ್ಲ. ಗೂಡು ಇರತ್ತೆ, ಮರಿ ಇರತ್ತೆ. ಅವಕ್ಕೆ ಅಷ್ಟು ಟೈಮ್ ಇಲ್ಲ." ಅವಳು ಉಸಿರು ಎಳೆದುಕೊಂಡಳು. "ಅಂಥ ಕಾಡಿನ ಅಂಚಲ್ಲೇ ನಮ್ಮನೆ ಇತ್ತು."

'ಇತ್ತು' ಎಂದಾಗ ಅವಳ ದನಿ ಇಳಿದದ್ದು ಹಿಂದಿನ ಬೆಂಚಿಗೂ ಕೇಳಿಸಿತ್ತು. ಲಾಯರ್ ಮತ್ತೇನೋ ಕೇಳುವವನಿದ್ದ, ಕೇಳದೆ ಕೂತ. ಮಿಸ್ ವೆರಿ ಗುಡ್ ಎನ್ನಲಿಲ್ಲ. ಚಾರ್ಟಿನ ಹತ್ತಿರ ಬಂದು ಬಾಗಿ, ಕಪ್ಪು ಬೊಡ್ಡೆಗಳ ಬುಡವನ್ನು ತುಂಬ ಹೊತ್ತು ನೋಡಿದರು.

ಇಡೀ ಶಾಲೆಯ ಎದುರು ಹೇಳಲು ಸಮುದ್ರದ ಗುಂಪು ಆಯ್ಕೆಯಾಯಿತು. ತಿಮಿಂಗಿಲದ ಹಾಡು ಅಷ್ಟು ಚೆನ್ನಾಗಿತ್ತು. ಲಂಬೂಗೆ ಸ್ವಲ್ಪ ಬೇಜಾರಾಯಿತು. ಗಿಣಿಗೂ ಆಯಿತು, ಸುಳ್ಳು ಹೇಳಬಾರದು.

ಸಂಜೆ ಬೆಲ್ ಆದ ಮೇಲೆ ಗಿಣಿಯೂ ಹೊಸಬಳೂ ಒಟ್ಟಿಗೆ ಗೇಟು ದಾಟಿದರು. ಬಾ ಎಂದು ಯಾರೂ ಯಾರನ್ನೂ ಕರೆದಿರಲಿಲ್ಲ. ಇಬ್ಬರಿಗೂ ಡಿಪೋವರೆಗೆ ದಾರಿ ಒಂದೇ.

ಎರಡನೆಯ ತಿರುವಿನಲ್ಲಿ ಹೊಸಬಳು ಗಕ್ಕನೆ ನಿಂತಳು.

ಮುಂದೆ ಖಾಲಿ ಸೈಟಿನಲ್ಲಿ ಯಾರೋ ಒಣಗಿದ ಎಲೆಗಳನ್ನು ರಾಶಿ ಹಾಕಿ ಬೆಂಕಿ ಹಚ್ಚಿದ್ದರು. ಮೊಣಕಾಲೆತ್ತರದ ಬೆಂಕಿ. ಒಬ್ಬ ಮುದುಕ ಕೋಲು ಹಿಡಿದು ಪಕ್ಕದಲ್ಲೇ ನಿಂತಿದ್ದ. ತೆಳ್ಳಗೆ ಹೊಗೆ ರಸ್ತೆಗೆ ಅಡ್ಡವಾಗಿ ಹರಿದು ಬರುತ್ತಿತ್ತು.

ಅದು ಎಲೆ ಅಷ್ಟೇ, ಹತ್ತು ನಿಮಿಷಕ್ಕೆ ಆರಿಹೋಗತ್ತೆ, ಅಜ್ಜ ಇದಾರಲ್ಲ, ಏನೂ ಆಗಲ್ಲ. ಎಲ್ಲವೂ ಸರಿಯಾದ ಮಾತೇ. ಗಿಣಿಯ ನಾಲಗೆಯ ತುದಿಗೆ ಬಂದವು. ಅವಳು ಹೊಸಬಳ ಕೈಗಳನ್ನು ನೋಡಿದಳು. ಬ್ಯಾಗಿನ ಪಟ್ಟಿ ಹಿಡಿದಿದ್ದ ಬೆರಳುಗಳ ಗೆಣ್ಣುಗಳು ಬೆಳ್ಳಗಾಗಿದ್ದವು.

ಗಿಣಿ ಏನೂ ಹೇಳದೆ ಹಿಂದಕ್ಕೆ ತಿರುಗಿ, ಮಾರ್ಕೆಟ್ ಸುತ್ತಿಕೊಂಡು ಹೋಗುವ ರಸ್ತೆ ಹಿಡಿದಳು. ಅದು ಎರಡರಷ್ಟು ದೂರದ ದಾರಿ. ಸ್ವಲ್ಪ ಹೊತ್ತಿನಲ್ಲಿ ಹಿಂದಿನಿಂದ ಹೆಜ್ಜೆ ಸಪ್ಪಳ ಕೇಳಿತು. ಹೊಸಬಳು ಬಂದು ಜೊತೆಗೂಡಿದಳು.

ತರಕಾರಿ ಅಂಗಡಿಗಳು ದಾಟಿದವು. ಸೈಕಲ್ ಅಂಗಡಿ ದಾಟಿತು. ಅಷ್ಟು ದೂರ ಮಾತಾಡದೆ ಗಿಣಿ ಎಂದೂ ನಡೆದವಳಲ್ಲ.

"ನಮ್ಮಪ್ಪ ಜೇನು ಸಾಕ್ತಿದ್ರು," ಎಂದಳು ಹೊಸಬಳು. "ಪೆಟ್ಟಿಗೆಗೆಲ್ಲ ನೀಲಿ ಬಣ್ಣ ಹಚ್ಚಿದ್ದು ನಾನೇ."

ಗಿಣಿ ಅವಳ ಕಡೆ ನೋಡಿದಳು.

"ಎಲ್ಲಾ ಸುಟ್ಟುಹೋಯ್ತು. ಮಾರನೇ ದಿನ ನಾನು, ಅಪ್ಪ ನೋಡೋಕೆ ಹೋದ್ವಿ. ಹೊಳೆ ಆಚೆ ಹೂವಿಗೆ ಹೋಗಿದ್ದ ಜೇನುಹುಳ ಒಂದಿಷ್ಟು ವಾಪಸ್ ಬಂದಿದ್ವು. ಪೆಟ್ಟಿಗೆ ಇದ್ದ ಜಾಗದಲ್ಲೇ, ಅದೇ ಎತ್ತರದಲ್ಲೇ ಸುತ್ತುತ್ತಾ ಇದ್ವು. ಕೂರೋಕೆ ಅಲ್ಲಿ ಏನೂ ಇಲ್ಲ. ಅಪ್ಪ ತಲೆ ಮೇಲಿನ ಟೋಪಿ ತೆಗೆದು ಒಂದು ಕಬ್ಬಿಣದ ಕಂಬಕ್ಕೆ ಸಿಕ್ಕಿಸಿದ್ರು. ಒಂದೊಂದೇ ಬಂದು ಅದರ ಮೇಲೆ ಕೂತ್ಕೊಂಡ್ವು."

ಅವಳು ನಿಲ್ಲಿಸಿದಳು. ಗಿಣಿಯ ತಲೆಯೊಳಗೆ ಹತ್ತು ಪ್ರಶ್ನೆಗಳು ಒಮ್ಮೆಗೇ ಎದ್ದವು. ಒಂದನ್ನೂ ಅವಳು ಹೊರಗೆ ಬಿಡಲಿಲ್ಲ. ಹೊಸಬಳ ಹೆಜ್ಜೆಗೆ ಹೆಜ್ಜೆ ಸೇರಿಸಿ ಇನ್ನಷ್ಟು ನಿಧಾನವಾಗಿ ನಡೆದಳು.

"ಹೂಂ," ಎಂದಳು ಗಿಣಿ.

ಹೊಸಬಳು ಮುಂದಕ್ಕೆ ಹೇಳತೊಡಗಿದಳು.